ಗಿರ್ಜಿಯ ತಲೆಯೊಳಗಿನ ತಪ್ಪು ನಕಲು

ಮೊದಲು ಕೆಟ್ಟದ್ದು ಅಕ್ಷರ.

ಗಿರಿಜಾ ನನ್ನ ತಂಗಿ ಶಾಂತಾಳ ಮಗಳು. ಏಳು ವರ್ಷ, ಎರಡನೇ ಕ್ಲಾಸು, ಸಿರುಗುಪ್ಪ. ಮನೆಯಲ್ಲಿ ಎಲ್ಲರಿಗೂ ಗಿರ್ಜಿ. ರಜೆಗೆ ಬಳ್ಳಾರಿಗೆ ಬಂದಾಗಲೆಲ್ಲ ಎದುರಿಗೆ ಕೂರಿಸಿಕೊಂಡು ಅವಳ ಅಕ್ಷರ ತಿದ್ದಿಸಿದವನು ನಾನು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವುದು ನನ್ನ ಕಸುಬು. ಕಂಪ್ಯೂಟರು ಬಂದು ಉಳಿದವರೆಲ್ಲ ಟೈಪು ಮಾಡಿಸತೊಡಗಿದ ಮೇಲೂ ನಾನು ಕರಡನ್ನು ಕೈಯಲ್ಲೇ ಬರೆಯುತ್ತಿದ್ದೆ. ಅಕ್ಷರ ಕೆಡುವುದು ನಡತೆ ಕೆಡುವುದರ ಮೊದಲ ಮೆಟ್ಟಿಲು ಎಂದು ನಂಬಿದವನು. ಹೀಗೆ ನಂಬುವವರು ತಾಲ್ಲೂಕಿಗೆ ಒಬ್ಬರಾದರೂ ಇರಬೇಕು, ಸರ್ಕಾರವೇ ನೇಮಿಸಬೇಕು ಎಂಬುದೂ ನನ್ನ ಅಭಿಪ್ರಾಯವಾಗಿತ್ತು.

ಆ ದಸರಾ ರಜೆಗೆ ಬಂದವಳ ಕಾಪಿ ಬುಕ್ಕು ತೆರೆದರೆ ಸಾಲುಗಳೆಲ್ಲ ಗೆರೆ ಬಿಟ್ಟು ಓಡುತ್ತಿದ್ದವು. ಅಲ್ಲಲ್ಲಿ ಅಕ್ಷರದ ನಡುವೆ ಪೆನ್ಸಿಲು ಸರ್ರನೆ ಮೇಲಕ್ಕೆ ಹೋಗಿ ಕಾಗದ ಹರಿದಿತ್ತು.

“ಏನವ್ವಾ ಇದು, ಕೋಳಿ ಕೆದರಿದಂಗೈತಿ?” ಎಂದೆ.

“ಕೈ ತಾನ ಜಿಗೀತೈತಿ ಮಾಮಾ.”

“ಕೈ ನಿಂದು. ಜಿಗಿಯೋದು ಯಾರ ಅಪ್ಪಣಿ ಮ್ಯಾಲೆ?”

ಅವಳು ನಕ್ಕಳು. ನಾನು ನಗಲಿಲ್ಲ. ಎರಡು ಪುಟ ಹೆಚ್ಚಿಗೆ ಬರೆಸಿದೆ. ಡಾಕ್ಟರ ಲೆಕ್ಕದಲ್ಲಿ ಆ ಎರಡು ಪುಟ ಕಾಯಿಲೆಯ ಮೊದಲ ದಾಖಲೆ. ನನ್ನ ಕಸುಬಿನ ಲೆಕ್ಕದಲ್ಲಿ, ಆರೋಪಿ ತಾನೇ ಮುಂದೆ ಕೂತು ಬರೆಸಿಟ್ಟ ಸಾಕ್ಷಿ.

ದೀಪಾವಳಿ ಹೊತ್ತಿಗೆ ತಲೆ ಶುರುವಾಯಿತು. ಊಟಕ್ಕೆ ಕೂತವಳ ತಲೆ ತಟಕ್ಕನೆ ಎದೆಯ ಕಡೆ ಬಾಗಿ ಮತ್ತೆ ಏಳುತ್ತಿತ್ತು, ಯಾರೋ ಕೇಳಿದ ಮಾತಿಗೆ ಹೂಂಗುಟ್ಟಿದಂತೆ. ಎಂಟೋ ಹತ್ತೋ ಎಣಿಸುವಷ್ಟರಲ್ಲಿ ಇನ್ನೊಂದು ಹೂಂ. ಆಮೇಲೆ ಇನ್ನೊಂದು. ಗಡಿಯಾರ ಇಟ್ಟುಕೊಂಡು ನೋಡಿದೆ. ಇಷ್ಟು ಕರಾರುವಾಕ್ಕಾಗಿ ನಮ್ಮ ಮನೆತನದಲ್ಲಿ ಯಾರೂ ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಸಿರುಗುಪ್ಪದ ಮನೆಯಲ್ಲಿ ವಿಚಾರಣೆ ನಡೆಯಿತು. ಶಾಂತಾಳ ಅತ್ತೆ ದ್ಯಾವಮ್ಮ, ಕೂಸು ಕಾಲುವೆ ದಂಡೆಯಲ್ಲಿ ಏನೋ ಕಂಡು ಬೆಚ್ಚಿದೆ ಎಂದು ತೋಳಿಗೆ ದಾರ ಕಟ್ಟಿದಳು. ಶಾಂತಾಳ ಗಂಡ ಮಲ್ಲಣ್ಣ ರೈಸ್ ಮಿಲ್ಲಿನ ಬಾಯ್ಲರು ನೋಡಿಕೊಳ್ಳುವವನು, ಎಲ್ಲವನ್ನೂ ಒತ್ತಡದಲ್ಲಿ ಅಳೆಯುವವನು. ಅವನ ಪ್ರಕಾರ ಸಾಲಿಯ ಹೋಮ್‌ವರ್ಕಿನ ಒತ್ತಡ ಹೆಚ್ಚಾಗಿತ್ತು. ನಾನು ಹೊಟ್ಟೆಹುಳ ಎಂದೆ. ಮೂವರೂ ಖಡಾಖಂಡಿತವಾಗಿ ತೀರ್ಪು ಕೊಟ್ಟೆವು. ಶಾಂತಾ ಒಬ್ಬಳೇ ಕೊಡಲಿಲ್ಲ. ಅವಳು ಮಗಳ ಪಕ್ಕ ಮಲಗುತ್ತಿದ್ದವಳು.

ಒಂದು ಬೆಳಿಗ್ಗೆ ಗಿರ್ಜಿ ಮಜ್ಜಿಗೆಯ ತಂಬಿಗೆ ಹಿಡಿದುಕೊಂಡು ಬರುತ್ತಿದ್ದವಳು ನಿಂತಲ್ಲೇ ಬಿದ್ದಳು. ಎಡವಲಿಲ್ಲ. ಜಾರಲಿಲ್ಲ. ಕಾಲಿನ ಕೆಳಗಿನ ನೆಲವನ್ನು ಯಾರೋ ಎಳೆದುಕೊಂಡರು ಎಂಬಂತೆ ಬಿದ್ದಳು. ಹುಬ್ಬು ಸೀಳಿತು. ಮತ್ತೆ ಎದ್ದಾಗ ಮಜ್ಜಿಗೆಗೆ ಏನೆನ್ನುತ್ತಾರೆ ಎಂಬುದು ಅವಳಿಗೆ ನೆನಪಾಗಲಿಲ್ಲ.

ಬಳ್ಳಾರಿಗೆ ಕರೆದುಕೊಂಡು ಬಂದರು.

ಕಂಟೋನ್ಮೆಂಟಿನ ಕಡೆ ಒಂದು ನರ್ಸಿಂಗ್ ಹೋಮಿಗೆ ವಾರಕ್ಕೆ ಎರಡು ದಿನ ನರರೋಗದ ಡಾಕ್ಟರು ಬರುತ್ತಿದ್ದರು. ಹೆಂಗಸು, ನನಗಿಂತ ಇಪ್ಪತ್ತು ವರ್ಷಕ್ಕಾದರೂ ಚಿಕ್ಕವರು. ಅದಿರು ಲಾರಿಗಳ ಸಾಲು ಊರೊಳಗೆ ನುಗ್ಗಿದ್ದರಿಂದ ನಾವು ತಲುಪುವಾಗ ತಡವಾಗಿತ್ತು, ಐದೂ ಜನ ಕುಂಕುಮದ ಗಿರಣಿಯಿಂದ ಬಂದವರ ಹಾಗೆ ಕೆಂಪಗಾಗಿದ್ದೆವು. ಡಾಕ್ಟರು ನಮ್ಮ ಮುಖ ನೋಡಲಿಲ್ಲ. ಗಿರ್ಜಿಯ ಕೈಯನ್ನು ನೋಡುತ್ತ ಕೂತರು. ಅದು ಜಿಗಿಯಿತು. ಅವರ ತುಟಿ ಅಲ್ಲಾಡಿತು, ಅವರೂ ಎಣಿಸುತ್ತಿದ್ದರು.

ತಲೆಗೆ ಅಂಟು ಹಚ್ಚಿ, ವೈರು ಸಿಕ್ಕಿಸಿ, EEG ಮಾಡಿದರು. ಉದ್ದನೆಯ ಕಾಗದದ ಮೇಲೆ ಸಣ್ಣ ಅಲೆಗಳು. ಒಂದಿಷ್ಟು ದೂರಕ್ಕೆ ದೊಡ್ಡದೊಂದು ಗೋಪುರ. ಅಷ್ಟೇ ದೂರಕ್ಕೆ ಮತ್ತೊಂದು. ಎಲ್ಲ ಗೋಪುರವೂ ಒಂದರಂತೆ ಇನ್ನೊಂದು.

“ಚಿಕ್ಕವಳಿದ್ದಾಗ ದಡಾರ ಆಗಿತ್ತಾ? Measles?”

ದ್ಯಾವಮ್ಮ ಸೆರಗು ಸರಿ ಮಾಡಿಕೊಂಡಳು. “ಹಂಗ ಹೆಸರು ಹಿಡೀಬಾರದ್ರಿ. ಅಮ್ಮ ಬಂದಿದ್ಲು. ಹತ್ತು ತಿಂಗಳ ಕೂಸು ಆವಾಗ. ಬೇವಿನ ಸೊಪ್ಪಿನಾಗ ಮಲಗಿಸಿದ್ವಿ. ವಾರ ಇದ್ದು ಹೋದ್ಲು.”

“ಹೋಗಿಲ್ಲ,” ಎಂದರು ಡಾಕ್ಟರು.

ಬೆನ್ನಿನಿಂದ ನೀರು ತೆಗೆದರು. ಅದನ್ನು ಬೆಂಗಳೂರಿಗೆ ಕಳಿಸಿದರು. ಅದರ ಹಿಂದೆ ನಾವೂ ಹೋಗಿ MRI ಮಾಡಿಸಿಕೊಂಡು ಬಂದೆವು. ಅಲ್ಲಿನ ದೊಡ್ಡ ಆಸ್ಪತ್ರೆಯವರು ಇಲ್ಲಿಯವರು ಹೇಳಿದ್ದನ್ನೇ ಹೆಚ್ಚು ಜನರ ಎದುರು ಹೇಳಿದರು. SSPE. ಬಿಡಿಸಿ ಹೇಳಿದರೆ ಮೂರು ಪದ, ಮೂರೂ ಉದ್ದ. ನನಗೆ ಉದ್ದ ಪದಗಳ ಬಗ್ಗೆ ಗೌರವವಿದೆ, ಹೊಟ್ಟೆಪಾಡೇ ಅದು. ಇದರ ಬಗ್ಗೆ ಬರಲಿಲ್ಲ.

ಬಳ್ಳಾರಿಯ ಡಾಕ್ಟರು ಮತ್ತೊಮ್ಮೆ ಕೂರಿಸಿಕೊಂಡು ವಿವರಿಸಿದರು. ನನ್ನ ಕೆಲಸ ಏನೆಂದು ಕೇಳಿದರು. ಹೇಳಿದೆ.

“ಹಾಗಿದ್ದರೆ ನಿಮಗೆ ಬೇಗ ಅರ್ಥವಾಗುತ್ತೆ. ವೈರಸ್ಸಿನ ಕೆಲಸ ಒಂದೇ, ತನ್ನ ನಕಲು ತೆಗೆಯೋದು. ದಡಾರದ ವೈರಸ್ಸು ನಕಲು ತೆಗೀತದೆ, ಸರಿಯಾಗಿದೆಯಾ ಅಂತ ನೋಡೋದಿಲ್ಲ. ತಪ್ಪುಗಳಾಗ್ತವೆ. ಬಹಳಷ್ಟು ತಪ್ಪು ನಕಲುಗಳು ಕೆಲಸಕ್ಕೆ ಬಾರದೆ ಹಾಳಾಗಿ ಹೋಗ್ತವೆ. ಇವಳ ಮೆದುಳಿನೊಳಗೆ ಕೆಲವು ಉಳಿದುಕೊಂಡವು. ಜೀವಕೋಶದಿಂದ ಹೊರಗೆ ಬರೋಕೆ ಬೇಕಾದ ಭಾಗವನ್ನೇ ಅವು ತಪ್ಪಾಗಿ ಬರ್ಕೊಂಡಿವೆ. ಹೊರಗೆ ಬರಲ್ಲ. ಒಳಗಿಂದೊಳಗೇ ಪಕ್ಕದ ಕೋಶಕ್ಕೆ ದಾಟ್ತವೆ. ಅಲ್ಲಿ ಮತ್ತೆ ನಕಲು, ಮತ್ತೆ ತಪ್ಪು. ಆರೇಳು ವರ್ಷ.”

“ಮೈಯಾಗಿನ ಶಕ್ತಿ ಅದನ್ನ ಹಿಡಿಯೋದಿಲ್ಲೇನ್ರಿ?” ಮಲ್ಲಣ್ಣ ಕೇಳಿದ.

“ಹಿಡಿಯೋಕೆ ಬಂದಿದೆ. ಬೆನ್ನಿನ ನೀರಿನಲ್ಲಿ antibody ತುಂಬಿಕೊಂಡಿದೆ. ಪೊಲೀಸರು ಮನೆ ಸುತ್ತ ನಿಂತಿದ್ದಾರೆ ಅಂದ್ಕೊಳ್ಳಿ. ಕಳ್ಳ ಹೊರಗೆ ಬರೋದೇ ಇಲ್ಲ.”

ನನಗೆ ಅರ್ಥವಾಯಿತು. ಅರ್ಥವಾಗಬಾರದಿತ್ತು ಎನ್ನುವಷ್ಟು ಚೆನ್ನಾಗಿ ಅರ್ಥವಾಯಿತು. ನಮ್ಮಲ್ಲಿ ಪತ್ರದ ನಕಲು ಮಾಡಿದ ಮೇಲೆ ಒಬ್ಬ ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು. ತಾಳೆ ನೋಡುವುದು ಎನ್ನುತ್ತೇವೆ. ಒಮ್ಮೆ ರೂಪನಗುಡಿಯ ಕಡೆಯ ಒಂದು ಪತ್ರದಲ್ಲಿ ಯಾರೋ ತಾಳೆ ನೋಡದೆ ಸರ್ವೆ ನಂಬರಿನ ಒಂದು ಅಂಕಿ ತಪ್ಪಿಸಿದ್ದರು. ಆ ಪತ್ರ ನೋಡಿ ಮುಂದಿನ ಪತ್ರ, ಅದನ್ನು ನೋಡಿ ಅದರ ಮುಂದಿನದು. ನನ್ನ ಕೈಗೆ ಬರುವಷ್ಟರಲ್ಲಿ ಒಬ್ಬ ಇನ್ನೊಬ್ಬನ ಹೊಲದಲ್ಲಿ ಮನೆ ಕಟ್ಟಿ, ಮಗಳ ಮದುವೆ ಮಾಡಿ, ಅದು ತನ್ನದೇ ಎಂದು ಮನಸ್ಸಾರೆ ನಂಬಿಯಾಗಿತ್ತು. ತಪ್ಪು ಎಷ್ಟು ಸಲ ನಕಲಾಗುತ್ತದೋ ಅಷ್ಟು ಸಾಚಾ ಕಾಣತೊಡಗುತ್ತದೆ. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದಿರಲಿಲ್ಲ. ಸದರಿ ವೈರಸ್ಸಿನ ಮೇಲೆ ಬಂತು. ನಾನು ಮೂವತ್ತು ವರ್ಷ ತಪ್ಪು ಹಿಡಿಯುತ್ತ ಹೊಟ್ಟೆ ಹೊರೆದವನು. ಇದು ತಪ್ಪು ಮಾಡುತ್ತಲೇ ಹೊಟ್ಟೆ ಹೊರೆಯುತ್ತಿದೆ, ಅದೂ ಏಳು ವರ್ಷದ ಹುಡುಗಿಯ ತಲೆಯೊಳಗೆ ಬಾಡಿಗೆಯಿಲ್ಲದೆ ಕೂತು, ಅವಳ ಮಗ್ಗಿಯನ್ನೂ ಮಜ್ಜಿಗೆಯನ್ನೂ ತಿಂದುಕೊಂಡು. ತೆರವಿನ ನೋಟಿಸು ಕಳಿಸುವುದಕ್ಕೆ ವಿಳಾಸವೂ ಗೊತ್ತು. ಜಾರಿ ಮಾಡುವ ಅಮೀನ ಇಲ್ಲ.

ಆಮೇಲೆ ಡಾಕ್ಟರು ಕೇಳಬೇಕಾದ್ದನ್ನು ಕೇಳಿದರು.

“ಒಂಬತ್ತನೇ ತಿಂಗಳಿನ ದಡಾರದ ಇಂಜೆಕ್ಷನ್ ಹಾಕಿಸಿದ್ದಿರಾ?”

“ಇಲ್ರಿ,” ಎಂದಳು ಶಾಂತಾ.

“ಯಾಕೆ?”

ಉತ್ತರ ದ್ಯಾವಮ್ಮ ಕೊಟ್ಟಳು. “ಮೊದಲಿನ ಸೂಜಿ ಹಾಕಿಸಿದಾಗ ತೊಡಿ ಬಾತು ಕೂಸು ಮೂರು ದಿನ ಕೆಂಡ ಆಗಿತ್ರಿ. ಅವತ್ತ ಹರಕಿ ಹೊತ್ತೆ. ಕುರುಗೋಡು ಬಸವಣ್ಣನ ಮುಂದ ಜವಳ ತೆಗಿಸೋ ಮಟ ಹುಟ್ಟುಗೂದಲಿನ ಕೂಸಿಗೆ ಕಬ್ಬಿಣ ಮುಟ್ಟಿಸಂಗಿಲ್ಲ ಅಂತ. ಜವಳ ಹೊತ್ತಿಗೆ ಸರಿಯಾಗಿ ಆಗಿದ್ರ ಸೂಜಿನೂ ಆಗ್ತಿತ್ತು. ಇಕಿ ತವರಿನಾಗ ಸೂತಕ ಬಂತು, ನಿಂತಿತು.” ಆಮೇಲೆ ಶಾಂತಾಳ ಕಡೆ ತಿರುಗಿದಳು. “ಹರಕಿ ಹೊತ್ತಾಕಿ ನಾನು, ಓದಿದಾಕಿ ನೀನು. ನಾನು ಬ್ಯಾಡ ಅಂದ್ರ ನಿನಗ ಬುದ್ಧಿ ಇರಲಿಲ್ಲೇನು? ನರ್ಸು ಮನಿ ಬಾಗಿಲಿಗೆ ಬಂದಿದ್ಲು. ವಾಪಸ್ ಕಳಿಸಿದಾಕಿ ಯಾರು?”

ಶಾಂತಾ ತಲೆ ತಗ್ಗಿಸಿದಳು. ಗಿರ್ಜಿಯ ತಲೆಯೂ ತಗ್ಗಿ ಮತ್ತೆ ಎದ್ದಿತು.

ನಾನು ಗೋಡೆಯ ಮೇಲಿನ ಮೆದುಳಿನ ಚಿತ್ರ ನೋಡುತ್ತ ಕೂತಿದ್ದೆ.

ಯಾಕೆಂದರೆ ಆ ಸೂತಕ ನನ್ನದು. ದಾಯಾದಿ ಸತ್ತು ಬಂದದ್ದಲ್ಲ. ನಾನು ಹುಟ್ಟಿಸಿದ್ದು.

ನಮ್ಮಲ್ಲಿ ಕೂಸಿನ ಮೊದಲ ಕೂದಲು ತೆಗೆಯುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಅವನಿಲ್ಲದೆ ಕತ್ತಿ ಎತ್ತುವುದಿಲ್ಲ. ಜೊತೆಗೆ ತಿಂಗಳು ಬೆಸ ಇರಬೇಕು. ಏಳು ತಪ್ಪಿದರೆ ಒಂಬತ್ತು, ಒಂಬತ್ತು ತಪ್ಪಿದರೆ ಹನ್ನೊಂದು. ಗಿರ್ಜಿಗೆ ಏಳು ತಿಂಗಳು ತುಂಬಿದಾಗ ಕುರುಗೋಡಿನಲ್ಲಿ ದಿನ ಗೊತ್ತು ಮಾಡಿದ್ದರು. ಆಗಷ್ಟೇ ನಮ್ಮ ಕೆಂಪು ಮಣ್ಣು ಚೀನಾದವರಿಗೆ ಬೇಕಾಗಿ, ಸಂಡೂರು ಹೊಸಪೇಟೆ ಕಡೆಗೆ ಶುರುವಾದ ಹುಚ್ಚು ಬಳ್ಳಾರಿಗೂ ಹಬ್ಬಿತ್ತು. ಆಡು ಸಹ ಮೂಸದ ಕಲ್ಲುಗುಡ್ಡಕ್ಕೆ ಸರತಿಯಲ್ಲಿ ನಿಂತು ಕೊಳ್ಳುವವರು. ಬೆಳಿಗ್ಗೆ ಬರೆದ ಪತ್ರದ ಜಮೀನನ್ನು ಸಂಜೆಗೆ ಮಾರುವವರು. ನನ್ನ ಮೇಜಿನ ಎದುರು ಜಾತ್ರೆ. ಬರಲಾಗುವುದಿಲ್ಲ, ಕೆಲಸ ಇದೆ ಎಂದು ಹೇಳಿ ಕಳಿಸಿದೆ. ಒಪ್ಪಿಕೊಂಡರು. ಒಂಬತ್ತನೇ ತಿಂಗಳಿಗೆ ಮತ್ತೆ ದಿನ ಹಿಡಿದರು. ಆ ಸಲವೂ ಕೆಲಸ ಎನ್ನಲು ನಾಚಿಕೆಯಾಯಿತು. ಕೆಲಸ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಆ ದಿನಗಳಲ್ಲಿ ದೊಡ್ಡ ಮನುಷ್ಯರು ನನ್ನನ್ನು ‘ನೀವೇ ಬರೀಬೇಕ್ರಿ’ ಎಂದು ಕಾಯುತ್ತಿದ್ದರು. ಅದರ ರುಚಿ ಹತ್ತಿತ್ತು.

ಮಿಲ್ಲಿನ ನಂಬರಿಗೆ ಫೋನು ಮಾಡಿ ಮಲ್ಲಣ್ಣನಿಗೆ ಹೇಳಿದೆ: ರೂಪನಗುಡಿಯ ದಾಯಾದಿ ಗಾದಿಲಿಂಗಣ್ಣ ತೀರಿಕೊಂಡ, ನಮಗೆ ಸೂತಕ, ಈ ತಿಂಗಳು ತೊಡೆ ಕೊಡಲು ಬರುವುದಿಲ್ಲ.

ಗಾದಿಲಿಂಗಣ್ಣ ಆ ಹೊತ್ತು ನನ್ನ ಮೇಜಿನ ಎದುರೇ ಬೆಂಚಿನ ಮೇಲೆ ಕೂತು ಮಿರ್ಚಿ ತಿನ್ನುತ್ತಿದ್ದ.

ಹತ್ತನೇ ತಿಂಗಳಲ್ಲಿ ಕೂಸಿಗೆ ದಡಾರ ಬಂತು. ಹನ್ನೊಂದನೇ ತಿಂಗಳಲ್ಲಿ, ಕುರುಗೋಡಿನಲ್ಲಿ, ನನ್ನ ತೊಡೆಯ ಮೇಲೆ ಜವಳ ನಡೆಯಿತು. ಎಲ್ಲ ಕಳೆದ ಸಂತೋಷಕ್ಕೆ ಹೋಳಿಗೆ ಮಾಡಿದ್ದರು. ಅಮ್ಮ ಬಂದು ಹೋದ ಮೇಲೆ ಆ ಸೂಜಿ ಯಾಕೆ ಎಂದು ಯಾರೂ ಮತ್ತೆ ಅದರ ಹೆಸರೆತ್ತಲಿಲ್ಲ. ನಾನು ಮೂರು ಹೋಳಿಗೆ ತಿಂದೆ.

ಒಂದು ದಿನ ಒಬ್ಬನೇ ಹೋಗಿ ಡಾಕ್ಟರನ್ನು ಕೇಳಿದೆ. ಸೂಜಿ ಹಾಕಿಸಿದ್ದರೆ?

“ಇದು ಬರದೇ ಇರೋ ಸಾಧ್ಯತೆ ಬಹಳ ಇತ್ತು,” ಎಂದರು. “ವರ್ಷದೊಳಗಿನ ಮಕ್ಕಳಿಗೆ ದಡಾರ ಬಂದರೆ ಈ ಅಪಾಯ ಜಾಸ್ತಿ. ಆದರೂ ಬಹಳ ಅಪರೂಪದ ಕಾಯಿಲೆ. ದಡಾರ ಬಂದ ಎಲ್ಲರಿಗೂ ಹೀಗಾಗಲ್ಲ. ಯಾಕೆ ಇವಳಿಗೇ ಅಂತ ನನಗೂ ಗೊತ್ತಿಲ್ಲ.” ಫೈಲು ಮುಚ್ಚುತ್ತ, “ಯಾರದು ತಪ್ಪು ಅಂತ ಹುಡುಕೋಕೆ ಹೋಗಬೇಡಿ,” ಎಂದರು.

ಹುಡುಕುವ ಅಗತ್ಯವಿರಲಿಲ್ಲ. ಅದು ಅವರ ಎದುರಿನ ಕುರ್ಚಿಯಲ್ಲೇ ಕೂತಿತ್ತು.

ಔಷಧಿ ಶುರುವಾಯಿತು. ಜಿಗಿತಕ್ಕೆ ಒಂದು ಸಿರಪ್ಪು. ವೈರಸ್ಸಿಗೆಂದು ದಿನಕ್ಕೆ ಹಲವು ಸಲ ನುಂಗಬೇಕಾದ ದಪ್ಪ ಮಾತ್ರೆ. ವಾರಕ್ಕೊಮ್ಮೆ ಬೆನ್ನಿಗೆ interferon ಎಂಬ ಇಂಜೆಕ್ಷನ್ನು. ವಾಸಿಮಾಡುವುದಿಲ್ಲ, ನಿಧಾನ ಮಾಡಬಹುದು, ಮಾಡದೆಯೂ ಇರಬಹುದು ಎಂದರು. ಇಷ್ಟೊಂದು ‘ಬಹುದು’ಗಳಿರುವ ಕರಾರನ್ನು ನಾನು ಯಾರಿಗೂ ಬರೆದುಕೊಟ್ಟವನಲ್ಲ. ಸಹಿ ಹಾಕಿದೆವು.

ಯುಗಾದಿ ಹೊತ್ತಿಗೆ ಗಿರ್ಜಿ ನಡೆಯುವುದು ನಿಂತಿತು. ಮಾತು ಒಂದೊಂದೇ ಹೋಯಿತು. ‘ಮಾಮಾ’ ಹೋಯಿತು. ‘ಯವ್ವಾ’ ಇನ್ನೂ ಕೆಲವು ವಾರ ಉಳಿಯಿತು. ಕೈಕಾಲು ಬಿಗಿದುಕೊಂಡವು. ನುಂಗುವುದು ಕಷ್ಟವಾಯಿತು, ಗಂಜಿ ಗಂಟಲಲ್ಲಿ ನಿಂತು ಕೆಮ್ಮು. ಮೂಗಿನಿಂದ ನಳಿಗೆ ಹಾಕುವ ದಿನ ಬರುತ್ತದೆ, ಅಲ್ಲಿಯವರೆಗೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ ಎಂದಿದ್ದರು ಡಾಕ್ಟರು. ಚಮಚದ ಈ ದಿನಗಳು ಇಷ್ಟೇ ಎಂದು ಎಲ್ಲರಿಗೂ ಗೊತ್ತಿತ್ತು.

ಆಗ ದ್ಯಾವಮ್ಮ ಚಮಚವನ್ನು ತನ್ನ ಕೈಗೆ ತೆಗೆದುಕೊಂಡಳು.

ನಾನು ಔಷಧಿ ತಲುಪಿಸಲು ಹೋಗಿದ್ದ ದಿನವೇ ಕಣ್ಣಾರೆ ಕಂಡೆ. ಶಾಂತಾ ಗಂಜಿ ಕಲಸಿ ತಂದಳು. ದ್ಯಾವಮ್ಮ ಬಟ್ಟಲು ಇಸಿದುಕೊಂಡಳು.

“ನೀನು ಅತ್ತ ಸರಿ.”

“ಅತ್ತಿ, ನಾನು ಉಣಿಸ್ತೀನ್ರಿ. ನನ್ನ ದನಿ ಕೇಳಿದ್ರ ಬಾಯಿ ತೆಗಿತಾಳ.”

“ನೀನು ಉಣಿಸಿದ್ದು ಸಾಕು. ಕೊಂದ ಕೈಲೆ ಅನ್ನ ಹಾಕಬ್ಯಾಡ.”

ಮಲ್ಲಣ್ಣ ಬಾಗಿಲಲ್ಲಿದ್ದ. ಬಾಯ್ಲರು ಸಿಡಿಯುವ ಮೊದಲು ಶಿಳ್ಳೆ ಹಾಕುತ್ತದೆ ಎಂದು ಅವನೇ ಒಮ್ಮೆ ಹೇಳಿದ್ದ. ಅವನು ಶಿಳ್ಳೆಯೂ ಹಾಕಲಿಲ್ಲ. ಕಾಯಿಲೆಯ ಹೆಸರು ಗೊತ್ತಾದ ದಿನದಿಂದ ಹೆಂಡತಿಯ ಜೊತೆ ಮಾತು ಬಿಟ್ಟಿದ್ದನಂತೆ. ದ್ಯಾವಮ್ಮ ಉಣಿಸಿದಳು. ಗಿರ್ಜಿ ಬಾಯಿ ಬಿಗಿ ಹಿಡಿದಳು. ಗಂಜಿ ಗಲ್ಲದಿಂದ ಇಳಿದು ಕುತ್ತಿಗೆಗೆ ಹೋಯಿತು. ಅರ್ಧ ಬಟ್ಟಲು ಉಳಿಯಿತು.

ನಾನು ಔಷಧಿಯ ಚೀಲ ಇಟ್ಟು ಬಸ್ಸು ಹತ್ತಿ ಬಂದೆ. ಇದನ್ನೂ ಬರೆಯಬೇಕು. ಬಸ್ಸು ಹತ್ತಿ ಬಂದೆ.

ಮುಂದಿನ ವಾರ ಬೆನ್ನಿನ ಇಂಜೆಕ್ಷನ್ನಿಗೆ ಗಿರ್ಜಿಯನ್ನು ಬಳ್ಳಾರಿಗೆ ಕರೆತಂದರು. ಒಳಗೆ ಮಲ್ಲಣ್ಣ ಮಗಳನ್ನು ಹಿಡಿದುಕೊಂಡಿದ್ದ. ಹೊರಗೆ ಬೆಂಚಿನ ಮೇಲೆ ನಾನೂ ಶಾಂತಾಳೂ. ಮಧ್ಯಾಹ್ನ. ಅವಳು ಇಳಿದುಹೋಗಿದ್ದಳು. ಮಗಳು ಉಣ್ಣದ ಮನೆಯಲ್ಲಿ ತಾನೂ ಉಣ್ಣುವುದಿಲ್ಲವೆಂದು ಕಂಡಿತು. ಮೂವತ್ತು ವರ್ಷ ಬೇರೆಯವರ ‘ಒಪ್ಪಿ ಬರೆದುಕೊಟ್ಟ ಪತ್ರ’ಗಳನ್ನು ಬರೆದವನಿಗೆ ತನ್ನದೊಂದು ಒಪ್ಪಿಗೆಗೆ ಪೀಠಿಕೆ ಸಿಗಲಿಲ್ಲ.

“ಶಾಂತಾ. ಅವತ್ತು ಗಾದಿಲಿಂಗಣ್ಣ ಸತ್ತಿರಲಿಲ್ಲ,” ಎಂದೆ.

“ಗೊತ್ತೈತಿ.”

ನಾನು ಅವಳ ಮುಖ ನೋಡಿದೆ.

“ಜವಳ ಆಗಿ ಎಂಟು ದಿನಕ್ಕ ನಮ್ಮೂರಿಗೆ ಭತ್ತದ ಬೀಜ ಒಯ್ಯಾಕ ಬಂದಿದ್ದ. ಮನಿಗೂ ಬಂದ. ಅತ್ತಿ ಊರಾಗ ಇದ್ದಿದ್ದಿಲ್ಲ. ನಾಲ್ಕು ರೊಟ್ಟಿ ತಿಂದ, ಇನ್ನೊಂದು ಹಾಕವ್ವ ಅಂದ. ಸತ್ತವರು ಅಷ್ಟು ಉಣ್ಣಂಗಿಲ್ಲ ಅಣ್ಣಾ.”

“ಯಾಕ ಕೇಳಲಿಲ್ಲ ನನ್ನ?”

“ಏನಂತ ಕೇಳಲಿ? ಕೇಳಿದ್ರ ನೀ ಸುಳ್ಳ ಆಗ್ತಿದ್ದಿ. ಅವರ ಮುಂದ ನನಗ ತವರು ಅಂತ ಇರೋದು ನೀ ಒಬ್ಬನ. ಕೂಸು ಆರಾಮ ಆಗಿತ್ತು. ಬಿಡು ಅಂತ ಬಿಟ್ಟೆ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಬಿಚ್ಚಿದಳು. “ನರ್ಸು ಬಂದಿದ್ದು ಖರೇನ. ಎರಡು ಸಲ ಬಂದಿದ್ಲು. ಜವಳ ಆಗ್ಲಿ ಬರ್ರಿ ಅಂದಾಕಿ ನಾನ. ಅತ್ತಿ ಅಂದದ್ದು ಸುಳ್ಳೇನಲ್ಲ.”

“ನಾ ಬಂದಿದ್ರ ಆ ಮಾತ ಬರ್ತಿರಲಿಲ್ಲ.”

“ಬರ್ತಿರಲಿಲ್ಲ.”

ಅವಳು ಸಮಾಧಾನ ಹೇಳುತ್ತಾಳೆಂದು ನಾನು ಕಾದಿದ್ದೆ. ನಾಚಿಕೆಗೇಡು, ಆದರೆ ಕಾದಿದ್ದೆ. ಹೇಳಲಿಲ್ಲ.

“ಇಷ್ಟು ದಿನ ನಾ ಒಬ್ಬಾಕೆ ಹೊತ್ತೀನಿ. ಇನ್ನ ಆಗಂಗಿಲ್ಲ,” ಎಂದಳು. “ನನ್ನ ಮ್ಯಾಲೆ ಏನರ ಅನ್ಲಿ, ಕೇಳ್ತೀನಿ. ಅಕಿ ಬಾಯಿ ಇನ್ನ ಎಷ್ಟು ದಿನ ತೆಗಿತೈತೋ ಏನೋ. ನಾ ಉಣಿಸಬೇಕು. ಬಂದು ಅತ್ತಿ ಮುಂದ ಹೇಳು.”

“ಹೇಳ್ತೀನಿ.”

“ಫೋನಿನಾಗ ಅಲ್ಲ.”

ಭಾನುವಾರ ಹೋದೆ. ಮಿಲ್ಲಿಗೆ ರಜೆ, ಮಲ್ಲಣ್ಣ ಮನೆಯಲ್ಲಿದ್ದ. ದ್ಯಾವಮ್ಮ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಗಿರ್ಜಿ ಕಿಟಕಿಯ ಪಕ್ಕ, ಮಲ್ಲಣ್ಣ ಹಲಗೆ ಬಡಿದು ಮಾಡಿದ ಕುರ್ಚಿಯಲ್ಲಿ, ಸುತ್ತ ದಿಂಬು ಇಟ್ಟುಕೊಂಡು. ಬಸ್ಸಿನಲ್ಲಿ ನಾನು ಮಾತುಗಳನ್ನು ಕ್ರಮವಾಗಿ ಜೋಡಿಸಿಕೊಂಡಿದ್ದೆ. ಸದರಿ ದಿನಾಂಕದಂದು, ಸದರಿ ಕಾರಣಕ್ಕೆ. ಬಾಯಿ ತೆರೆದಾಗ ಬಂದದ್ದು ನಾಲ್ಕೇ ವಾಕ್ಯ. ಸೂತಕ ಇರಲಿಲ್ಲ. ನಾನು ಸುಳ್ಳು ಹೇಳಿದೆ. ಕೆಲಸದ ಆಸೆಗೆ. ತಪ್ಪು ಶಾಂತಾಳದಲ್ಲ, ನನ್ನದು.

ದ್ಯಾವಮ್ಮ ಮೊರ ಕೆಳಗಿಟ್ಟಳು.

“ಬಸವಣ್ಣನ ಕಾರ್ಯಕ್ಕ ಸೂತಕದ ಸುಳ್ಳು ಹೇಳಿದ್ರ್ಯಾ ಬೀಗರೇ?”

“ಹೌದ್ರಿ.”

“ಬದುಕಿದ್ದವನ್ನ ಸಾಯಿಸಿ?”

“ಹೌದ್ರಿ.”

“ಓದಿದವರು. ಊರ ಮಂದಿ ಕಾಗದ ಬರಿಯೋರು. ನಿಮ್ಮ ಕಾಗದ ನಂಬಿದ ಮಂದಿ ಏನಾದ್ರೋ.” ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. “ನಾನು ಹರಕಿ ಹೊತ್ತಿದ್ದು ಕೂಸು ಬದುಕ್ಲಿ ಅಂತ. ಅದನ್ನ ನೀವು ಕೂಸಿನ ಕುತ್ತಿಗಿಗೆ ಕಟ್ಟಿದ್ರಿ. ಏಳ್ರಿ. ಇನ್ನ ಈ ಹೊಸ್ತಿಲು ದಾಟಬ್ಯಾಡ್ರಿ.”

ಎದ್ದೆ. ಹರಕೆ ಯಾರದು ಎಂದು ಅವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಅವಳಿಗೂ ಅದು ಗೊತ್ತಿತ್ತು ಎಂದು ಆಮೇಲೆ ಅನ್ನಿಸಿತು; ಮೊರವನ್ನು ಮತ್ತೆ ಎಳೆದುಕೊಂಡ ಅವಳ ಬೆರಳು ಆರಿಸಿ ತೆಗೆದಿದ್ದ ಕಲ್ಲುಗಳನ್ನೇ ಅಕ್ಕಿಗೆ ಹಾಕುತ್ತಿತ್ತು. ನಾನು ಚಪ್ಪಲಿ ಮೆಟ್ಟುತ್ತಿರುವಾಗ ಮಲ್ಲಣ್ಣ ಒಲೆಯ ಮೇಲಿನಿಂದ ಗಂಜಿಯ ಬಟ್ಟಲನ್ನು ಎತ್ತಿ ತಂದು ಹೆಂಡತಿಯ ಕೈಗೆ ಕೊಟ್ಟ.

“ಹಿಡಿ,” ಎಂದ. ಮೂರು ತಿಂಗಳಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತು.

ದ್ಯಾವಮ್ಮ ಬೇಡ ಎನ್ನಲಿಲ್ಲ.

ಇದು ಆಗಿ ಐದು ತಿಂಗಳು. ಬೆನ್ನಿನ ಇಂಜೆಕ್ಷನ್ನು ಮುಗಿದಿದೆ. ಜಿಗಿತ ಕಡಿಮೆಯಾಗಿದೆ, ಮಾತ್ರೆಯಿಂದಲೋ ದಣಿವಿನಿಂದಲೋ ಗೊತ್ತಿಲ್ಲ. ಕಾಯಿಲೆ ನಿಂತಿದೆಯೇ ಎಂದು ಡಾಕ್ಟರನ್ನು ಕೇಳಿದರೆ, “ಕೂತಿದೆ. ಮಲಗಿಲ್ಲ,” ಎನ್ನುತ್ತಾರೆ. ಎಷ್ಟು ದಿನ ಕೂತಿರುತ್ತದೆ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಗಿರ್ಜಿ ನಗುವುದಿಲ್ಲ, ಅಳುವುದಿಲ್ಲ. ದನಿ ಬಂದ ಕಡೆ ಕಣ್ಣು ಹೊರಳಿಸುತ್ತಾಳೆಂದು ಶಾಂತಾ ಹೇಳುತ್ತಾಳೆ. ಮಲ್ಲಣ್ಣ ಹೊರಳಿಸುವುದಿಲ್ಲ ಎನ್ನುತ್ತಾನೆ. ಈ ಒಂದು ವಿಷಯದಲ್ಲಿ ಜಗಳವಾಡುವಷ್ಟು ಮಾತು ಅವರ ನಡುವೆ ತಿರುಗಿ ಬಂದಿದೆ.

ದಡಾರದ ಇಂಜೆಕ್ಷನ್ನಿಗೆ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರನ್ನು ಈಗ ಆಸ್ಪತ್ರೆಯ ಮುಂದೆ ಕಂಡರೆ ನಿಂತು ನೋಡುತ್ತೇನೆ. ನನ್ನ ಮೇಜಿಗೆ ಪತ್ರ ಬರೆಸಲು ಬರುವವರ ಕಂಕುಳಲ್ಲಿ ಕೂಸಿದ್ದರೆ, ಜವಳ ಆಯಿತೇ ಎಂದು ಕೇಳುವುದಿಲ್ಲ. ಒಂಬತ್ತನೇ ತಿಂಗಳ ಸೂಜಿ ಆಯಿತೇ ಎಂದು ಕೇಳುತ್ತೇನೆ. ಆಗಿಲ್ಲ ಎಂದರೆ ಪತ್ರ ಮುಟ್ಟುವುದಿಲ್ಲ. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡು ಪಕ್ಕದ ಮೇಜಿಗೆ ಹೋಗುತ್ತಾರೆ. ಕೆಲವರು ಸೂಜಿ ಹಾಕಿಸಿಕೊಂಡು ವಾಪಸು ಬರುತ್ತಾರೆ. ಅವರ ಪತ್ರದ ತಾಳೆಯನ್ನು ಎರಡು ಸಲ ನೋಡುತ್ತೇನೆ.

ಪ್ರತಿ ಭಾನುವಾರ ಔಷಧ ತೆಗೆದುಕೊಂಡು ಸಿರುಗುಪ್ಪಕ್ಕೆ ಹೋಗುತ್ತೇನೆ. ಹೊಸ್ತಿಲು ದಾಟುವುದಿಲ್ಲ. ಹೊರಗೆ ಕಟ್ಟೆಯ ಮೇಲೆ, ಕಿಟಕಿಯ ಕೆಳಗೆ ಕೂರುತ್ತೇನೆ. ಅಲ್ಲಿಗೆ ಗಿರ್ಜಿ ಕಾಣುವುದಿಲ್ಲ, ಕೇಳಿಸುತ್ತಾಳೆ. ದ್ಯಾವಮ್ಮ ನನ್ನೊಡನೆ ಮಾತಾಡುವುದಿಲ್ಲ. ಅವಳು ಕುರ್ಚಿಯ ಹಿಂದೆ ನಿಂತು ಮೊಮ್ಮಗಳ ಗಲ್ಲ ಹಿಡಿಯುತ್ತಾಳಂತೆ, ಶಾಂತಾ ಚಮಚ ಹಿಡಿಯುತ್ತಾಳೆ. ಅತ್ತೆ ಸೊಸೆ ಈ ಹೊತ್ತಿನಲ್ಲಿ ಮಾತ್ರ ಜೊತೆ.

“ನುಂಗು ನನ್ನವ್ವ,” ಎನ್ನುತ್ತಾಳೆ ಶಾಂತಾ.

ಕೆಮ್ಮು ಬಂದರೆ ಮೂವರೂ ಉಸಿರು ಹಿಡಿಯುತ್ತೇವೆ, ಒಳಗಿನ ಇಬ್ಬರು, ಹೊರಗಿನ ಒಬ್ಬ.

“ಹಾ. ಇಳೀತು,” ಎನ್ನುತ್ತಾಳೆ ದ್ಯಾವಮ್ಮ.

ಹೋದ ಭಾನುವಾರ ಕೆಮ್ಮು ಒಂದೇ ಸಲ ಬಂತು. ಉಣಿಸಿ ಮುಗಿಸಲು ಬಹಳ ಹೊತ್ತು ಹಿಡಿಯಿತು, ಬಿಸಿಲು ಕಟ್ಟೆಯಿಂದ ಅಂಗಳಕ್ಕೆ ಇಳಿಯಿತು. ಆಮೇಲೆ ಶಾಂತಾ ಹೊರಗೆ ಬಂದಳು. ನಳದ ಕಡೆ ಹೋಗುವವಳು ನನ್ನ ಮುಂದೆ ಒಂದು ಗಳಿಗೆ ನಿಂತು ಕೈಯಲ್ಲಿದ್ದ ಬಟ್ಟಲನ್ನು ನನಗೆ ಕಾಣುವ ಹಾಗೆ ಓರೆ ಮಾಡಿದಳು.

ತಳ ಕಾಣುತ್ತಿತ್ತು.